ಗಂಜಿ ಒಣಗಿದ ಬೀದಿ

ಅಪ್ಪಾ, ನೀನು ಸತ್ತಿದ್ದೀಯ, ಅದಕ್ಕೇ ‘ನೀವು’ ಎನ್ನುವ ಮರ್ಯಾದೆ ಬಿಟ್ಟು ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಅಮ್ಮನೂ ನಾನೂ ಸೀರೆಯ ಪಾವನ್ನು, ಅಂದರೆ ಮಗ್ಗಕ್ಕೆ ಏರಿಸುವ ಹಾಸುನೂಲನ್ನು, ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚಿದೆವು. ಮಾರ್ಚಿನಲ್ಲೇ ಮೇ ತಿಂಗಳ ಬಿಸಿಲು. ಬ್ರಷ್ ಎಳೆಯುವ ಮೊದಲೇ ಗಂಜಿ ಒಣಗಿ, ನೂಲು ಪಟಪಟ ಹರಿಯಿತು.

“ನೆರಳು ಮಾರಿ ತಿಂದ ಮನೆಯಲ್ವಾ, ಅನುಭವಿಸಿ,” ಎಂದಳು ಎದುರುಮನೆ ಪಳನಿಯಮ್ಮತ್ತೆ. ನಾನು ಜಗಳಕ್ಕೆ ಹೋಗಲಿಲ್ಲ. ಬೀದಿಯ ಬೇವಿನ ಮರಗಳನ್ನು ನೂಲಿಗೆ ಬಣ್ಣ ಹಾಕುವ ಡೈಯಿಂಗ್ ಬಾಯ್ಲರಿಗೆ ಸೌದೆಯಾಗಿ ಮಾರಿದವನು ನೀನೇ. ಭೂಮಿ ಬಿಸಿಯಾಗಿದ್ದಕ್ಕೆಲ್ಲ ನೀನೊಬ್ಬನೇ ಕಾರಣನಲ್ಲ, ಸ್ಕೂಲು ಬಿಟ್ಟ ನನಗೂ ಅಷ್ಟು ಗೊತ್ತು. ಈ ಬೀದಿಯ ಬಿಸಿಲು ಮಾತ್ರ ನಿನ್ನದೇ.

ಹರಿದ ನೂಲು ಸುತ್ತುತ್ತಾ ಅಮ್ಮ, “ನಿಮ್ಮಪ್ಪ ಇದ್ದಿದ್ರೆ ಬಿಸಿಲು ನೋಡಿ ಗಂಜಿ ತೆಳು ಮಾಡ್ತಿದ್ರು, ಕಂದಾ,” ಎಂದಳು.

ಎಷ್ಟು ತೆಳು ಎಂದು ಕೇಳಿದೆ. ಅವಳಿಗೂ ಗೊತ್ತಿಲ್ಲ.