ಕೇಳಿ ಹಾಕಿದ ಹನಿ

ಮಾರ್ಚ್ ೪, ೨೦೨೪, ಸೋಮವಾರ — ವೆರಿಬೀ

ನಾನು ವೇದಾವತಿ ದೇಸಾಯಿ. ಮೆಟ್ರಿಕ್ ಪಾಸು, ಅದೂ ಫಸ್ಟ್ ಕ್ಲಾಸು. ಧಾರವಾಡದ ಮನೆಯಲ್ಲಿ ಉಗ್ರಾಣದ ಕೀಲಿ ನನ್ನ ಸೊಂಟದಲ್ಲಿತ್ತು. ಇಲ್ಲಿ, ಪರದೇಶದ ಮಗನ ಮನೆಯಲ್ಲಿ, ಕೀಲಿ ಇಲ್ಲ, ಬಾಗಿಲಿಗೆ ನಂಬರ್ ಒತ್ತಬೇಕು. ಆದರೂ ನಾನು ಒಪ್ಪದೆ ಈ ಮನೆಯಲ್ಲಿ ಸೋಫಾ ಕೂಡ ಸರಿಯುವುದಿಲ್ಲ. ಹೊಸ ಡೈರಿಯ ಮೊದಲ ಪುಟದಲ್ಲೇ ಬರೆದಿಡುತ್ತೇನೆ. ಮನೆಯವರು ಮರೆಯುತ್ತಿದ್ದಾರೆ.

ಇವತ್ತು ಮರೆತವನು ಮಗ ವಿರುಪಾಕ್ಷ. ನನ್ನನ್ನು ಕೇಳದೆ ಕಣ್ಣಿನ ಡಾಕ್ಟರ್ ಬಳಿ ಅಪಾಯಿಂಟ್‌ಮೆಂಟ್ ಬುಕ್ ಮಾಡಿದ್ದ. ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಆಗಬೇಕಂತೆ. ಕ್ಯಾನ್ಸಲ್ ಮಾಡಿಸಿದೆ.

“ಅವ್ವ, ಇಪ್ಪತ್ತ ನಿಮಿಷದ ಕೆಲಸ.”

“ಇಪ್ಪತ್ತ ನಿಮಿಷದಾಗ ನೀ ಒಂದು ಚಹಾ ಮಾಡಿದ್ದ ನಾ ನೋಡಿಲ್ಲ.”

ನಾಲ್ಕು ಗಂಟೆಗೆ ಪಕ್ಕದ ಮನೆಯ ಪಿರೋಶ್ಕಾಳ ವರಾಂಡ. ಎಂದಿನಂತೆ. ಹಂಗೇರಿಯವಳು, ಯಹೂದಿ. ಎಂಬತ್ತೇಳು ವರ್ಷ, ಒಬ್ಬಳೇ ಇರುತ್ತಾಳೆ. ಇಬ್ಬರದೂ ಹರಕು ಇಂಗ್ಲಿಷು, ಸಾಕಾಗುತ್ತದೆ. ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ. ಅವಳಿಗೂ ಪೊರೆ, ನನ್ನದಕ್ಕಿಂತ ದಟ್ಟ. ಇವತ್ತು ಕಾಫಿಯನ್ನು ಕಪ್ಪಿನ ಪಕ್ಕಕ್ಕೆ ಸುರಿದಳು. ಹೋದ ವಾರ ಒಲೆಯ ಮೇಲೆ ಟವೆಲ್ ಸುಟ್ಟಿತು. ಪರ್ತ್‌ನಲ್ಲಿರುವ ಮಗ ಹೇಳಿಬಿಟ್ಟಿದ್ದಾನೆ — ಚಳಿಗಾಲ ಮುಗಿಯುವುದರೊಳಗೆ ಕಣ್ಣು ಮಾಡಿಸಿಕೋ, ಇಲ್ಲವಾದರೆ ಮನೆ ಮಾರಿ ನರ್ಸಿಂಗ್ ಹೋಮ್.

“ಮತ್ತೇಕೆ ಮಾಡಿಸಿಕೊಳ್ಳುವುದಿಲ್ಲ?”

“ನನ್ನ ಕಣ್ಣಿಗೆ ಯಾವ ಡಾಕ್ಟರೂ ಹನಿ ಹಾಕುವಂತಿಲ್ಲ.” ಅಷ್ಟೇ. ಮುಖ ತಿರುಗಿಸಿದಳು.

ನನ್ನದು ಸೊಕ್ಕು. ಅವಳದು ಹಟ. ಹಟಕ್ಕೆ ನನ್ನ ಹತ್ತಿರ ಮದ್ದಿದೆ. ಡಾಕ್ಟರ್ ಬೇಕಿಲ್ಲ.

ಮಾರ್ಚ್ ೧೬, ಶನಿವಾರ — ಸಿಡ್ನಿ

ಮಗಳು ಮಹಾಶ್ವೇತಾಳ ಮನೆ. ಪೆಂಡಲ್ ಹಿಲ್ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಔಡಲೆಣ್ಣೆ ಸಿಕ್ಕಿತು. ಮೂಸಿ ನೋಡಿದೆ, ಪರವಾಗಿಲ್ಲ.

“ಇನ್ನೂ ಇದನ್ನ ಬಿಟ್ಟಿಲ್ಲೇನವ್ವ? ಮೊದಲ ಉಂಡಿ ಕೊಡ್ತಿದ್ದಿ. ಬಾಯಿ ತುಂಬಿದ ಮ್ಯಾಲೆ ಗದ್ದ ಹಿಡದು ಕಣ್ಣಿಗೆ ಎಣ್ಣಿ. ಚೀರಾಕೂ ಆಗ್ತಿದ್ದಿಲ್ಲ.”

“ಅದಕ್ಕ ನಿನಗ ಇನ್ನೂ ಚಷ್ಮಾ ಬಂದಿಲ್ಲ.”

“ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೊಂಡೀನವ್ವ. ಹತ್ತ ವರ್ಷಾತು.”

ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲ!

ಮಾರ್ಚ್ ೨೦, ಬುಧವಾರ — ವೆರಿಬೀ

ಶೇಂಗಾ ಉಂಡಿ ಕಟ್ಟಿಕೊಂಡು ಹೋದೆ. ಪಿರೋಶ್ಕಾ ತಿಂದಳು, ಕಣ್ಣು ಮುಚ್ಚಿ ನಕ್ಕಳು. ಗದ್ದ ಹಿಡಿದು ಮುಖ ಮೇಲೆತ್ತಿದೆ. ಬಲಗಣ್ಣಿಗೆ ಎಣ್ಣೆ, ಒಂದೇ ಹನಿ.

ಅಂಥ ಕೂಗು ನಾನು ಕೇಳಿಲ್ಲ. ಮುದುಕಿಯ ಕೂಗಲ್ಲ, ಚಿಕ್ಕ ಮಗುವಿನದು. ನನ್ನ ಕೈಗೆ ಹೊಡೆದಳು. ಬಾಟಲಿ ಉರುಳಿತು. ಗೋಡೆಯ ಮೂಲೆಗೆ ಒತ್ತಿ ನಿಂತಳು, ಎರಡೂ ಅಂಗೈ ಕಣ್ಣಿನ ಮೇಲೆ. ಯಾರನ್ನೋ ಕರೆಯುತ್ತಿದ್ದಳು... ಝುಝಾ, ಝುಝಾ.

ನನ್ನನ್ನು ಹೋಗು ಎಂದಳು. ಬಂದೆ.

“ಅತ್ತಿ, ಸೀರಿ ಮ್ಯಾಲೆ ಎಣ್ಣಿ ಹೆಂಗ ಬಿತ್ತು?” ಸೊಸೆ ಅನಘಾ ಕೇಳಿದಳು.

ಬಾಟಲಿ ಜಾರಿತು, ಎಂದೆ.

ಮಾರ್ಚ್ ೨೭

ಪಿರೋಶ್ಕಾಳ ಕಿಟಕಿಯ ಪರದೆ ಎಳೆದೇ ಇದೆ. ನಾಲ್ಕಕ್ಕೆ ನಮ್ಮ ವರಾಂಡದಲ್ಲೇ ಕೂತೆ. ಚಹಾ ರುಚಿ ಇಲ್ಲ, ಅನಘಾಳ ಮೇಲೆ ರೇಗಿದೆ.

ಏಪ್ರಿಲ್ ೪

ಉಂಡಿಯ ಡಬ್ಬಿ ನಮ್ಮ ಬಾಗಿಲಲ್ಲಿ. ತೊಳೆದು ಇಟ್ಟುಹೋಗಿದ್ದಾಳೆ. ಡಬ್ಬಿಯನ್ನು ಖಾಲಿ ಹಿಂತಿರುಗಿಸಬಾರದೆಂದು ನಾನೇ ಅವಳಿಗೆ ಕಲಿಸಿದ್ದು. ತೆರೆದೆ. ಅವಳ ಗಿಡದ ಒಂದು ಲಿಂಬೆಹಣ್ಣು.

ಏಪ್ರಿಲ್ ೫, ಶುಕ್ರವಾರ

ಲಿಂಬೆಹಣ್ಣು ಹಿಡಿದು ಹೋದೆ. ಬಾಗಿಲು ತೆರೆದಳು. ಕೂರಿಸಿ, ತಾನೇ ಹೇಳಿದಳು.

ಅವಳಿಗೆ ಆಗ ಏಳು ವರ್ಷ. ಝುಝಾ ಅವಳ ಅವಳಿ ತಂಗಿ. ಯಹೂದಿಗಳನ್ನು ಕೂಡಿಹಾಕಿ ಕೊಲ್ಲುತ್ತಿದ್ದ ಆಶ್ವಿಟ್ಝ್ ಕ್ಯಾಂಪಿನಲ್ಲಿ ರೈಲು ಇಳಿದ ಕೂಡಲೇ ಅವಳಿ ಮಕ್ಕಳನ್ನು ಬೇರೆ ತೆಗೆದರು. ಅಮ್ಮನನ್ನು ಆಮೇಲೆ ನೋಡಲಿಲ್ಲ. ಡಾಕ್ಟರುಗಳು ಆ ಮಕ್ಕಳನ್ನು ಪ್ರಯೋಗಕ್ಕೆ ಇಟ್ಟುಕೊಂಡರಂತೆ. ದಿನವೆಲ್ಲ ಬೆತ್ತಲೆ ನಿಲ್ಲಿಸಿ ಅಳತೆ. ರಕ್ತ. ಸೂಜಿ. ಕಂದು ಕಣ್ಣು ನೀಲಿಯಾಗುತ್ತದೆಯೇ ನೋಡಲು ಕಣ್ಣಿಗೆ ಏನೋ ಹಾಕಿದರು. ಇಬ್ಬರಿಗೂ.

“ಬಿಳಿ ಕೋಟಿನವನು. ಮೊದಲು ಚಾಕೊಲೇಟ್ ಕೊಟ್ಟ. ಆಮೇಲೆ ಗದ್ದ ಹಿಡಿದ.”

ನನ್ನ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಸೆರಗಿನೊಳಗೆ ಇಟ್ಟುಕೊಂಡೆ.

ಝುಝಾಳ ಕಣ್ಣು ಹೋದವು. ಆಮೇಲೊಂದು ದಿನ ಅವಳನ್ನೇ ಕರೆದೊಯ್ದರು. ಮರಳಿ ಬರಲಿಲ್ಲ.

“ನಾನು ಅವನಂಥವಳಲ್ಲ,” ಎಂದೆ.

“ಗೊತ್ತು. ನೀನು ಬರೀ ಜೋರಿನ ಹೆಂಗಸು. ಆದರೆ ನೀನೂ ಕೇಳಲಿಲ್ಲ.”

ಸಾರಿ ಎಂದೆ. ಸಾಲದು ಅನಿಸಿತು. ನನಗಿಂತ ಹಿರಿಯಳು, ಬಗ್ಗಿ ಪಾದ ಮುಟ್ಟಿದೆ. ಈ ದೇಶಕ್ಕೆ ಬಂದ ಮೇಲೆ ಯಾರಿಗೂ ಬಗ್ಗಿರಲಿಲ್ಲ.

“ಏನು ಬಿತ್ತು?” ಎಂದಳು. ಕಾಣುವುದಿಲ್ಲವಲ್ಲ.

“ಏನಿಲ್ಲ,” ಎಂದೆ.

ಏಪ್ರಿಲ್ ೮, ಸೋಮವಾರ

ವಿರುಪಾಕ್ಷನಿಗೆ ಹೇಳಿದೆ, ನನ್ನ ಆಪರೇಷನ್ ಬುಕ್ ಮಾಡು. ಎಡಗಣ್ಣು ಮೊದಲು.

“ಅವ್ವ, ಜ್ವರ ಬಂದಾವೇನು?”

ಪಿರೋಶ್ಕಾ ನೋಡಲಿ. ಮೊದಲು ನಾನು ಡಾಕ್ಟರ ಮುಂದೆ ಮಲಗುತ್ತೇನೆ. ಅಲ್ಲಿಯವರೆಗೆ, ಅವಳ ಭಯ ಬಿಡಿಸಲು, ನನ್ನ ಕಣ್ಣಿಗೆ ಹನಿ ಹಾಕುವವಳು ಅವಳೇ.

“ಅತ್ತಿ, ಆಕಿಗೇ ಕಾಣೂದಿಲ್ಲ!” ಅನಘಾ ತಲೆ ಹಿಡಿದುಕೊಂಡಳು. ಕಡೆಗೆ ಫಾರ್ಮಸಿಯಿಂದ ಒಣಗಿದ ಕಣ್ಣಿಗೆ ಹಾಕುವ, ನೀರಿನಂಥ ಡ್ರಾಪ್ಸ್ ತಂದುಕೊಟ್ಟಳು. ಆಪರೇಷನ್ ಆದ ಮೇಲಿನ ಔಷಧಿ ಮಾತ್ರ ತಾನೇ ಹಾಕುವೆನೆಂದು ಕರಾರು. ಒಪ್ಪಿದೆ. ಹುಡುಗಿಗೆ ಬುದ್ಧಿ ಇದೆ, ಹೇಳಬಾರದು.

ಏಪ್ರಿಲ್ ೧೦

ಪಿರೋಶ್ಕಾ ಬಾಟಲಿ ಮುಟ್ಟಲಿಕ್ಕೇ ಬಹಳ ಹೊತ್ತು ಹಿಡಿಯಿತು.

“ನಿನ್ನ ಕಣ್ಣು ಎಲ್ಲಿದೆ, ನನಗೆ ಕಾಣುವುದಿಲ್ಲ.”

“ನನಗೂ ಸರಿಯಾಗಿ ಕಾಣುವುದಿಲ್ಲ. ಇಬ್ಬರೂ ಹುಡುಕೋಣ.”

ಮೊದಲ ಹನಿ ಕಿವಿಗೆ. ಎರಡನೆಯದು ಕಾಫಿಗೆ. ನಕ್ಕಳು! ಕನ್ನಡದ್ದೇ ಮೂರು ಮಾತು ಕಲಿಸಿದೆ. ಹಾಕುವವರು “ಹಾಕ್ಲಿ?” ಅನ್ನಬೇಕು. ಮಲಗಿದವರು “ಹಾಕು” ಇಲ್ಲವೇ “ಬ್ಯಾಡ.” ಬ್ಯಾಡ ಎಂದರೆ ಕೈ ಹಿಂದೆ. ಪರೀಕ್ಷೆ ಮಾಡಿದೆ. ಬ್ಯಾಡ ಎಂದೆ. ತಕ್ಷಣ ಕೈ ಹಿಂದೆ ತೆಗೆದಳು. ಮತ್ತೆ ಅಂದೆ. ಮತ್ತೆ ತೆಗೆದಳು.

ಏಪ್ರಿಲ್ ೨೯

ಪಿರೋಶ್ಕಾ ತಾನಾಗಿ ಕುರ್ಚಿಗೆ ಒರಗಿ ಮುಖ ಮೇಲೆತ್ತಿದಳು. ನಾನು ಕೇಳಿಯೇ ಇರಲಿಲ್ಲ. ಗದ್ದ ಮುಟ್ಟಲಿಲ್ಲ.

“ಹಾಕ್ಲಿ?”

ಉಸಿರು ಬಿಗಿಹಿಡಿದಳು. “ಬ್ಯಾಡ.”

ಮುಚ್ಚಳ ಹಾಕಿದೆ. ಕೈ ಕಡಿಯುತ್ತಿತ್ತು, ಹಾಕಿಬಿಡುವಷ್ಟು ಹತ್ತಿರ ಇತ್ತು ಕಣ್ಣು. ಮೂರು ಮಕ್ಕಳನ್ನು ಬೆಳೆಸಿದವಳು ನಾನು, ಬೇಡ ಎಂದದ್ದಕ್ಕೆ ಕೈ ಹಿಂದೆ ತೆಗೆದದ್ದು ಇದೇ ಮೊದಲು.

ಮೇ ೧೪, ಮಂಗಳವಾರ

ಆಯಿತು. ಎಡಗಣ್ಣು. ನೋವಿಲ್ಲ. ಭಯ ಇತ್ತು, ಯಾರಿಗೂ ಹೇಳಿಲ್ಲ. ಪಿರೋಶ್ಕಾ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು, ಪರ್ಸ್ ಎದೆಗೆ ಒತ್ತಿಕೊಂಡು.

ಮೇ ೧೬

ಇವತ್ತು ಗೆರೆಯೊಳಗೆ ಬರೆಯುತ್ತಿದ್ದೇನೆ. ಹಿಂದಿನ ಪುಟ ನೋಡಿದರೆ ನಾಚಿಕೆ... ಒಂದೊಂದು ಅಕ್ಷರ ಒಂದೊಂದು ಕಡೆ.

ನಾಲ್ಕಕ್ಕೆ ಹೋದೆ. ಅವಳ ಮುಖ ಇಷ್ಟು ಸ್ಪಷ್ಟವಾಗಿ ಕಂಡದ್ದು ಇದೇ ಮೊದಲು. ಅವಳ ಕಣ್ಣು ಬೂದು ಅಂದುಕೊಂಡಿದ್ದೆ.

“ಪಿರೋಶ್ಕಾ, ನಿನ್ನ ಕಣ್ಣು ಕಂದು.”

“ಕನ್ನಡಿಯಲ್ಲಿ ಕಾಣದೆ ಎಷ್ಟೋ ವರ್ಷವಾಯಿತು. ಇನ್ನೂ ಕಂದೇ?”

“ಹಸಿ ಬೆಲ್ಲದಷ್ಟು ಕಂದು.”

ಬೆರಳಿನಿಂದ ರೆಪ್ಪೆ ಮುಟ್ಟಿಕೊಂಡಳು. ಝುಝಾಳದೂ ಹಾಗೇ, ಎಂದಳು. ಆಮೇಲೆ ಒರಗಿದಳು.

“ಹಾಕ್ಲಿ?”

“ಹಾಕು.”

ಒಂದು ಹನಿ. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದಳು. ಕೂಗಲಿಲ್ಲ. ಹನಿಯ ನೀರೋ ಏನೋ, ಕೆನ್ನೆಯ ಮೇಲೆ ಇಳಿಯಿತು. ಇನ್ನೊಂದು ಕಣ್ಣನ್ನೂ ತೋರಿಸಿದಳು.

ಜುಲೈ ೧೦, ಬುಧವಾರ

ಪಿರೋಶ್ಕಾಳ ಬಲಗಣ್ಣಿನ ಆಪರೇಷನ್. ಅವಳ ಪಕ್ಕ ಕೂರಲು ನನ್ನನ್ನು ಬಿಟ್ಟರು. ಬಿಡದಿದ್ದರೂ ಕೂರುತ್ತಿದ್ದೆ. ನರ್ಸ್ ಡ್ರಾಪ್ಸ್ ಹಿಡಿದು ಬಂದಳು.

“ಮೊದಲು ಕೇಳು,” ಎಂದಳು ಪಿರೋಶ್ಕಾ.

ನರ್ಸ್ ಕೇಳಿದಳು. ಒಳ್ಳೆಯ ಹುಡುಗಿ, ಪ್ರತಿ ಸಲವೂ ಕೇಳಿದಳು.

“ಹಾಕು.”

ನರ್ಸ್ ನನ್ನ ಮುಖ ನೋಡಿದಳು. ಅರ್ಥ ಹೇಳಿದೆ.

ಜುಲೈ ೧೧, ಸಂಜೆ

ಪಿರೋಶ್ಕಾಳ ಕಣ್ಣಿನ ಪಟ್ಟಿ ತೆಗೆದರು. ಕಾಣುತ್ತಿದೆಯಂತೆ! ನನ್ನನ್ನು ನೋಡಿ, ಇಷ್ಟು ಕುಳ್ಳಿಯೇ ನೀನು, ಎಂದಳು. ಮಗನಿಗೆ ಫೋನ್ ಮಾಡಿ ಮನೆ ಮಾರಬೇಡ ಎಂದಾಯಿತು. ಅವನೂ ಹೂಂ ಎಂದ.

ಉಳಿದ ಔಡಲೆಣ್ಣೆಯನ್ನು ಬೆಳಿಗ್ಗೆಯೇ ದೇವರ ದೀಪಕ್ಕೆ ಸುರಿದೆ. ಚೆನ್ನಾಗಿ ಉರಿಯುತ್ತಿದೆ. ನನ್ನ ಬಲಗಣ್ಣಿಗೂ ತಾರೀಖು ನಿಗದಿಯಾಯಿತು. ವಿರುಪಾಕ್ಷ ಈ ಸಲ ಫೋನ್ ಕೈಯಲ್ಲಿ ಹಿಡಿದು ಕಾದಿದ್ದ. “ಬುಕ್ ಮಾಡ್ಲೇನವ್ವ?” ಮಾಡು, ಎಂದೆ.

ಬೇಲಿಯಾಚೆಯಿಂದ ಕರೆಯುತ್ತಿದ್ದಾಳೆ. ಹನಿಯ ಹೊತ್ತು. ಕೈ ತೊಳೆದುಕೊಂಡು —