ಮೂರನೆಯ ತಟ್ಟೆ

ಮಾರ್ಚ್ 4, ಮಂಗಳವಾರ

ಊರ ಕೃಷಿ ಮೇಳದಲ್ಲಿ ಲ್ಯಾಮಿಂಗ್ಟನ್, ಅಂದರೆ ಚಾಕೊಲೇಟ್-ಕೊಬ್ಬರಿ ಕೇಕಿನ ತುಂಡುಗಳ ಸ್ಪರ್ಧೆ ಈ ವರ್ಷ ರದ್ದಾಗಬಹುದು. ಹೇಳಿದ್ದು ನೊಯೆಲೀನ್, ಅಡುಗೆ ವಿಭಾಗದ ಮೇಲ್ವಿಚಾರಕಿ, ಅಂಚೆ ಕಚೇರಿಯ ಮುಂದೆ. ಕನಿಷ್ಠ ಮೂರು ಜನರ ತಟ್ಟೆ ಬರಬೇಕು. ಈವರೆಗೆ ಹೆಸರು ಕೊಟ್ಟವರು ಒಬ್ಬರೇ, ಶಾಲೆಯ ಹೊಸ ಮೇಷ್ಟ್ರು. ಲ್ಯಾಮಿಂಗ್ಟನ್ ಇಲ್ಲದ ಮೇಳ, ಅದೂ ಅದರ ತವರು ಕ್ವೀನ್ಸ್‌ಲ್ಯಾಂಡಿನಲ್ಲಿ!

"ಡಲ್ಸಿ ಇದ್ದಿದ್ರೆ ಈ ಗತಿ ಬರ್ತಿತ್ತಾ, ಸೆಲ್ವಿನ್?"

ಬರುತ್ತಿರಲಿಲ್ಲ. ನನ್ನ ಹೆಂಡತಿ ಬದುಕಿದ್ದ ತನಕ ಮೊದಲ ಬಹುಮಾನದ ನೀಲಿ ರಿಬ್ಬನ್ ಬೇರೆ ಮನೆಗೆ ಹೋದದ್ದು ಅಪರೂಪ. ಸ್ಪರ್ಧೆಯೇ ನಿಂತರೆ ಊರಿನವರು ಅವಳ ಹೆಸರೆತ್ತಲು ಏನು ಉಳಿಯುತ್ತದೆ... ನಾನೇ ಸೇರುತ್ತೇನೆ ಎಂದೆ. ನೊಯೆಲೀನ್ ನಕ್ಕಳು. ತಮಾಷೆಯಲ್ಲ ಎಂದ ಮೇಲೂ ನಕ್ಕಳು.

ಮಾರ್ಚ್ 6, ಗುರುವಾರ

ಸ್ಪಾಂಜ್ ಕೇಕ್ ಚೆನ್ನಾಗಿ ಉಬ್ಬಿತು. ಬಿಸಿ ಆರುತ್ತಲೇ ಕತ್ತರಿಸಿ ಚಾಕೊಲೇಟಿನಲ್ಲಿ ಅದ್ದಿದೆ. ಕರಗಿ ತಳ ಸೇರಿತು. ಬಟ್ಟಲ ತುಂಬ ಕೆಸರು. ಕೊಬ್ಬರಿ ತುರಿಯಲ್ಲಿ ಹೊರಳಿಸುವವರೆಗೆ ಉಳಿದದ್ದು ನಾಲ್ಕೇ ತುಂಡು.

ಡಲ್ಸಿ ಸ್ಪಾಂಜನ್ನು ಒಂದು ರಾತ್ರಿ ಬಟ್ಟೆ ಮುಚ್ಚಿ ಇಡುತ್ತಿದ್ದಳು. ಇರುವೆ ಬರದಿರಲೆಂದು ಇರಬೇಕು ಅಂದುಕೊಂಡಿದ್ದೆ — ಇಷ್ಟು ವರ್ಷ. ಅದು ಗಟ್ಟಿಯಾಗಲೆಂದು ಅಂತ ಈಗ ಗೊತ್ತಾಯಿತು. ಮರುದಿನ ಅವಳು ಕತ್ತರಿಸುವಾಗ ಹಿತ್ತಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಕಂದು ಅಂಚುಗಳು ನನ್ನ ಪಾಲು. ಒಳಗೆ ರೇಡಿಯೊದಲ್ಲಿ ಕ್ರಿಕೆಟ್. ಅವಳ ಮೊಣಕೈವರೆಗೂ ಕೊಬ್ಬರಿ.

"ಕಾಗೆ ಥರ ಕಾಯ್ತಾ ಕೂತಿದ್ದೀಯಲ್ಲ, ನಾಚ್ಕೆ ಆಗಲ್ವಾ?"

ಆಗುತ್ತಿರಲಿಲ್ಲ.

ಮಾರ್ಚ್ 7, ಶುಕ್ರವಾರ

ನಾಲ್ಕು ತುಂಡು ಡಬ್ಬಿಗೆ ಹಾಕಿಕೊಂಡು ಗ್ಲೆನಿಸ್ ಮನೆಗೆ ಹೋದೆ. ಡಲ್ಸಿಯ ಎದುರು ಪ್ರತಿ ಸಲ ಎರಡನೇ ಸ್ಥಾನ ಇವಳದು. ಡಲ್ಸಿ ತೀರಿಕೊಂಡ ಮೇಲೆ ಸ್ಪರ್ಧೆಯ ಕಡೆ ತಲೆಹಾಕಿಲ್ಲ. ಈ ಸಲ ನೀನೂ ಸೇರು ಎಂದೆ.

"ಯಾರನ್ನ ಸೋಲಿಸೋಕೆ ಮಾಡ್ಲಿ, ಹೇಳು?"

"ನನ್ನನ್ನ."

ಡಬ್ಬಿ ತೆರೆದಳು. "ಅಯ್ಯೋ ದೇವ್ರೇ. ಇದೇನಿದು, ಮಳೇಲಿ ನೆಂದು ಸತ್ತ ಕುರೀನಾ?"

ಒಂದು ತಿಂದಳು. ಇನ್ನೊಂದೂ ತಿಂದಳು.

"ಕೋಕೋ ಮಾತ್ರ ಅವಳಷ್ಟೇ ಕಮ್ಮಿ ಹಾಕಿದ್ದೀಯ. ಮಹಾ ಜಿಪುಣಿ ಅವಳು."

ಉಳಿದೆರಡನ್ನು ತಟ್ಟೆಗೆ ಹಾಕಿಕೊಂಡಳು. ಡಬ್ಬಿ ತೊಳೆದು ಕೊಟ್ಟಳು. ಸೇರುತ್ತೇನೆ ಎನ್ನಲಿಲ್ಲ.

ಮಾರ್ಚ್ 13, ಗುರುವಾರ, ಮಧ್ಯಾಹ್ನ

ಹೆಸರು ಕೊಡುವ ಗಡುವು ಮುಗಿಯಿತು. ನೊಯೆಲೀನ್ ಫೋನ್ ಮಾಡಿದಳು: ಮೂರು ಹೆಸರು. ಕೊನೆಯದು ಗ್ಲೆನಿಸ್, ಮೇಳದ ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ. ಸ್ಪರ್ಧೆ ನಡೆಯುತ್ತದೆ.

"ಒಂದು ತೊಂದರೆ, ಸೆಲ್ವಿನ್. ನಿನ್ನ ಅರ್ಜೀಲಿ ಡಲ್ಸಿ ಅಂತ ಬರ್ದಿದ್ದೀಯ."

ಪ್ರತಿ ವರ್ಷ ಅವಳ ಅರ್ಜಿ ತುಂಬುತ್ತಿದ್ದುದು ನಾನೇ. ಕೈ ತನ್ನ ಪಾಡಿಗೆ ಬರೆದಿರಬೇಕು. ಹಾಗೇ ಇರಲಿ ಬಿಡು ಎಂದೆ. ಅಷ್ಟರಲ್ಲಿ ಇನ್ನೂ ಅಲ್ಲೇ ಇದ್ದ ಗ್ಲೆನಿಸ್ ಅವಳ ಕೈಯಿಂದ ಫೋನ್ ಕಸಿದುಕೊಂಡಳು.

"ಸೋಲೋದಾದ್ರೆ ನಿನ್ನ ಹೆಸರಲ್ಲಿ ಸೋಲು, ಮಾರಾಯ. ಆ ಕುರಿಮರಿಗಳನ್ನ ಅವಳ ತಲೆಗೆ ಕಟ್ಬೇಡ!"

ನನ್ನ ಹೆಸರು ಹಾಕಲು ಹೇಳಿದೆ.

ಸ್ಪಾಂಜ್ ಇವತ್ತು. ಅದ್ದುವುದು ನಾಳೆ. ಶನಿವಾರ ಬೆಳಿಗ್ಗೆ ಎಂಟರೊಳಗೆ ಆರು ತುಂಡು ಸಭಾಂಗಣಕ್ಕೆ ತಲುಪಬೇಕು. ಟೂವೂಂಬಾದಿಂದ ತೀರ್ಪುಗಾರ್ತಿ ಹತ್ತಕ್ಕೆ ಬರುತ್ತಾರೆ.