ನಳದ ಮುಂದ ಕುಂದರ್ರಿ

ಏನ್ರಿ, ಇದನ್ನ ಪೂರಾ ಓದ್ರಿ. ನಡುವ ಎದ್ದು ಹೋಗಬ್ಯಾಡ್ರಿ.

ನಾನು ಅಂಗನವಾಡಿ ಟ್ರೇನಿಂಗಿಗೆ ಸವದತ್ತಿಗೆ ಹೊಂಟೇನಿ, ಬರೂದು ಸಂಜಿ ಆಗತೈತಿ. ಚಹಾ ಥರ್ಮಾಸಿನ್ಯಾಗ ಐತಿ, ಗ್ಯಾಸ್ ಹಚ್ಚಬ್ಯಾಡ್ರಿ. ಗುಳಿಗಿ ನಿಮ್ಮ ಕಪ್ಪಿನ್ಯಾಗನ ಇಟ್ಟೇನಿ. ರೊಟ್ಟಿ ತಿಂದು ಅದನ್ನ ನುಂಗಿ, ಆಮ್ಯಾಲ ಚಹಾ ಹಾಕ್ಕೋರಿ.

ಇವತ್ತ ನಳ ಬರತೈತಿ. ಟಾಕಿ ಮುಂದ ಕುರ್ಚಿ ಹಾಕೇನಿ. ಅಲ್ಲೇ ಕುಂದರ್ರಿ, ಟಾಕಿ ತುಂಬಿದ ಕೂಡ್ಲೆ ನಳ ಬಂದ್ ಮಾಡ್ರಿ. ಹೋದ ಸಲ ಮುಚ್ಚಳ ತರತೇನಿ ಅಂತ ಒಳಗ ಹೋದವರು ಮಿಕ್ಸರ್ ಬಿಚ್ಚಿಕೊಂಡು ಕುಂತ್ರಿ. ನೀರು ಬಾಜೂ ಮನಿ ಬಾಯವ್ವನ ಅಂಗಳತನಕ ಹೋತು. ಬೈಸಿಕೊಂಡಾಕಿ ನಾನು. ಸ್ಕ್ರೂಡ್ರೈವರ್ ನನ್ನ ಬ್ಯಾಗಿನ್ಯಾಗ ಐತಿ, ಮನಿ ತುಂಬ ಹುಡುಕಬ್ಯಾಡ್ರಿ.

ನೀವು ಬೇಕಂತ ಮಾಡೂದಿಲ್ಲ ಅಂತ ನನಗ ಗೊತ್ತೈತಿ. ಹಿಂಗ ಲಕ್ಷ್ಯ ಒಂದ ಕಡೆ ನಿಲ್ಲದ್ದಕ್ಕ ಡಾಕ್ಟರು ಎಡಿಎಚ್‌ಡಿ ಅಂತ ಹೆಸರು ಹೇಳಿದ ಮ್ಯಾಲ ನನ್ನ ಸಿಟ್ಟು ಹೋಗೇತಿ. ದಣಿವು ಹೋಗಿಲ್ಲ.

ಇಲ್ಲೀತನಕ ಓದಿದ್ರ ಒಂದು ಮಿಸ್ಡ್ ಕಾಲ್ ಕೊಡ್ರಿ. ಮಾತೇನೂ ಬ್ಯಾಡ. ಅದು ಬಂತಂದ್ರ ಬಸ್ಸಿನ್ಯಾಗ ಒಂದೀಟು ಕಣ್ಣು ಮುಚ್ಚತೇನಿ.

— ಶೈಲಾ